ತಾಳಕ್ಕೆ ಎಷ್ಟು ಬಿಗಿ ಬೇಕು?

2019ರ ಫೆಬ್ರುವರಿಯಲ್ಲಿ ನಮ್ಮ ಶಾಲೆಯ ಗ್ಯಾದರಿಂಗ್‌ಗೆಂದು ಒಂದು ಡ್ರಮ್ ಸೆಟ್ಟನ್ನು ಬಾಡಿಗೆಗೆ ತರಿಸಿದ್ದೆವು. ಮುಳವಾಡದ ಸುತ್ತಲಿನ ಹುಡುಗರಿಗೆ ಹಲಗೆ, ಡೊಳ್ಳು, ಕರಡಿ ಮಜಲು ಹೊಸವಲ್ಲ. ಡ್ರಮ್ ಸೆಟ್ಟನ್ನು ಮಾತ್ರ ಅವರು ನೋಡಿದ್ದು ಜಾತ್ರೆಯ ರಸಮಂಜರಿಯಲ್ಲಿ, ಅದೂ ದೂರದಿಂದ. ಹತ್ತನೇ ಇಯತ್ತೆಯ ಒಬ್ಬ ಹುಡುಗ ಬಾರಿಸುತ್ತೇನೆಂದು ಮುಂದೆ ಬಂದ. ಅವನ ತಂದೆ ಭಜನಾ ಮೇಳದಲ್ಲಿ ತಾಳ ಹಾಕುವವರು. ಲಯ ಹುಡುಗನಿಗೆ ಮನೆಯಿಂದಲೇ ಬಂದಿತ್ತು.

ತಾಲೀಮಿನ ದಿನ ಒಂದು ಸಿಂಬಲ್ಲಿನ ಮೇಲಿನ ನಟ್ಟು ತಾನಾಗಿ ಸಡಿಲಾಗಿ, ತಾಟು ಕಂಬಿಯಿಂದ ಹಾರಿ, ವೇದಿಕೆಯ ಮೇಲೆ ಉರುಳುತ್ತಾ ಹೋಗಿ ಹೆಡ್‌ಮಾಸ್ತರರ ಕುರ್ಚಿಯ ಕಾಲಿಗೆ ಬಡಿಯಿತು. ಎಲ್ಲರೂ ನಕ್ಕರು. ನಾನು, ವಿಜ್ಞಾನ ಶಿಕ್ಷಕ, ಗಂಭೀರವಾಗಿ ಹೇಳಿದೆ: "ಪಕ್ಕಡ ತೊಗೊಂಡು ಗಟ್ಟಿ ಬಿಗಿ ಮಾಡೋ ತಮ್ಮಾ, ಮತ್ತ ಬೀಳಬಾರದು." ಹುಡುಗ ಹಾಗೆಯೇ ಮಾಡಿದ.

ಮರುದಿನ ಸಂಜೆ ಆ ತಾಟಿನ ದನಿಯೇ ಬೇರೆಯಾಗಿತ್ತು. ಹೊಡೆದರೆ ತಗಡು ಬಡಿದಂತೆ ಕೇಳುತ್ತಿತ್ತು. ದನಿ ಬರಲಿಲ್ಲವೆಂದು ಹುಡುಗ ಇನ್ನೂ ಜೋರಾಗಿ ಹೊಡೆದ. ಕಾರ್ಯಕ್ರಮ ಮುಗಿದು ಸಾಮಾನು ಬಿಚ್ಚುವಾಗ ನೋಡಿದರೆ ನಡುವಿನ ತೂತಿನಿಂದ ಎರಡು ಬೆರಳಷ್ಟು ಉದ್ದದ ಬಿರುಕು! ಬಾಡಿಗೆ ಕೊಟ್ಟವರು ಪೂರ್ತಿ ಬೆಲೆ ಕೇಳಿದರು. "ಹುಡುಗ ಹುಚ್ಚನಂಗ ಬಡದಾನ್ರಿ" ಎಂದು ಸುತ್ತ ನಿಂತವರೂ ಸೇರಿಸಿದರು. ಬೆಳಿಗ್ಗೆ ಅವನ ತಂದೆಯನ್ನು ಕರೆಸಲಾಯಿತು.

ಆತ ಏನೂ ಮಾತಾಡದೆ ತಾಟನ್ನು ಕೈಗೆ ತೆಗೆದುಕೊಂಡು ಅತ್ತಿತ್ತ ಹೊರಳಿಸಿ ನೋಡಿದರು. "ಇದನ್ನ ಇಷ್ಟು ಬಿಗಿದಾವರು ಯಾರ್ರಿ?" ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ನನ್ನ ಕಡೆ ನೋಡಲೂ ಇಲ್ಲ, ನನ್ನ ಹೆಸರು ಹೇಳಲೂ ಇಲ್ಲ. "ನಾನೇ ಹೇಳಿದ್ದೆ" ಎಂದೆ. ಆತ ತಮ್ಮ ಜೋಳಿಗೆಯಿಂದ ಭಜನೆಯ ತಾಳ ತೆಗೆದು, ದಾರ ಹಿಡಿದು ತೂಗಿ ತೋರಿಸಿದರು. "ತಾಳಾ ದಾರದಾಗ ತೂಗಬೇಕ್ರಿ ಸರ್. ಅಂಗೈಯಾಗ ಹಿಡದರ ಅದು ಮಾತಾಡೂದಿಲ್ಲ."

ಧ್ವನಿಯ ಪಾಠವನ್ನು ಎಷ್ಟೋ ವರ್ಷಗಳಿಂದ ಮಾಡಿಕೊಂಡು ಬಂದವನಿಗೆ ಇದು ಗೊತ್ತಿರಬೇಕಿತ್ತು.

ವಿದ್ಯಾರ್ಥಿಗಳು ಮನೆಯಲ್ಲೇ ಇದನ್ನು ನೋಡಬಹುದು. ಒಂದು ಸ್ಟೀಲಿನ ಗಂಗಾಳದ ಅಂಚನ್ನು ಗಟ್ಟಿಯಾಗಿ ಹಿಡಿದು ಚಮಚೆಯಿಂದ ಬಡಿಯಿರಿ. 'ಟಪ್' ಎಂದು ಸುಮ್ಮನಾಗುತ್ತದೆ. ಅದೇ ಗಂಗಾಳವನ್ನು ಒಂದೇ ಬೆರಳ ತುದಿಯ ಮೇಲೆ ನಡುಮಧ್ಯಕ್ಕೆ ನಿಲ್ಲಿಸಿ ಅಂಚಿಗೆ ಮೆಲ್ಲಗೆ ಬಡಿಯಿರಿ. ಬಹಳ ಹೊತ್ತು 'ಠಣ್' ಎನ್ನುತ್ತದೆ. (ಗಂಗಾಳ ಕೆಳಗೆ ಬಿದ್ದರೆ ತಾಯಿಯವರಿಗೆ ನನ್ನ ಹೆಸರು ಹೇಳಿ.) ತಾಟು ಕಂಪಿಸುವಾಗ ಅದರ ಮೈಯೆಲ್ಲ ಒಂದೇ ಸಮನೆ ಅಲುಗುವುದಿಲ್ಲ. ಅಂಚು ಹೆಚ್ಚು ಅಲುಗುತ್ತದೆ. ಅಲುಗದೆ ಉಳಿಯುವ ಗೆರೆಗಳೂ ಇರುತ್ತವೆ. ಜರ್ಮನಿಯ ಕ್ಲಾಡ್ನಿ ಎಂಬಾತ ಲೋಹದ ಫಲಕದ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದು, ಮರಳು ಆ ಗೆರೆಗಳಲ್ಲಿ ಹೋಗಿ ಕೂಡುವುದನ್ನು ತೋರಿಸಿದ. ಆ ಚಿತ್ರಗಳನ್ನು 1787ರಲ್ಲಿ ಪ್ರಕಟಿಸಿದ. ದುಂಡು ತಾಟಿನಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾಯುವ ಇಂಥ ಗೆರೆಗಳೆಲ್ಲ ನಡುವಿನಲ್ಲಿ ಒಂದನ್ನೊಂದು ದಾಟುತ್ತವೆ. ಭಜನೆಯ ತಾಳಕ್ಕೂ ಡ್ರಮ್ ಸೆಟ್ಟಿನ ಸಿಂಬಲ್ಲಿಗೂ ತೂತು ನಡುವೆ ಇರುವುದು ಅದಕ್ಕೇ.

ಇಲ್ಲಿ ಜಾಣ ಹುಡುಗಿಯೊಬ್ಬಳು ತರಗತಿಯಲ್ಲಿ ಎದ್ದು ಕೇಳಿದಳು: "ನಡುವು ಅಲುಗೂದೇ ಇಲ್ಲಂದ್ರ ಅಲ್ಲೇ ಬಿಗಿದರ ಏನಾತ್ರಿ ಸರ್?" ಒಳ್ಳೆಯ ಪ್ರಶ್ನೆ. ನಟ್ಟು ಒತ್ತುವುದು ಒಂದು ಬಿಂದುವನ್ನಲ್ಲ, ಸುತ್ತಲಿನ ಒಂದಿಷ್ಟು ಜಾಗವನ್ನು. ಅದೂ ಅಲ್ಲದೆ ಅಂಚಿಗೆ ಕೋಲಿನ ಪೆಟ್ಟು ಬಿದ್ದಾಗ ತಾಟು ಕಂಪಿಸುವುದರ ಜೊತೆಗೆ ಇಡಿಯಾಗಿ ಓಲಾಡಬೇಕು. ಸಡಿಲು ಕಟ್ಟಿದ್ದರೆ ಪೆಟ್ಟಿನ ಒಂದು ಪಾಲು ಆ ಓಲಾಟದಲ್ಲಿ ಖರ್ಚಾಗುತ್ತದೆ. ಬಿಗಿದಿದ್ದರೆ ಓಲಾಡಲು ದಾರಿಯಿಲ್ಲ; ತೂತಿನ ಬದಿಯ ಲೋಹವೇ ಬಾಗಿ ಬಾಗಿ ಪೆಟ್ಟನ್ನು ತಡೆಯಬೇಕಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮುರಿಯುತ್ತೇವಲ್ಲ, ಅದೇ ಲೋಹದ ದಣಿವು ಇಲ್ಲಿಯೂ ಕೆಲಸ ಮಾಡುತ್ತದೆ.

ಒಳ್ಳೆಯ ಸಿಂಬಲ್ಲು ಕಂಚಿನದು. ಹೆಸರಾದ ಮಿಶ್ರಣದಲ್ಲಿ 80 ಭಾಗ ತಾಮ್ರ, 20 ಭಾಗ ತವರ. ತವರ ಇಷ್ಟಿದ್ದರೆ ದನಿ ದೀರ್ಘವಾಗಿರುತ್ತದೆ, ಆದರೆ ಲೋಹ ಬಾಗುವ ಬದಲು ಸೀಳುವ ಸ್ವಭಾವದ್ದಾಗುತ್ತದೆ. ಕಾಯಿಸಿ ತಟಕ್ಕನೆ ನೀರಿನಲ್ಲಿ ಅದ್ದಿದರೆ ಅದು ತುಸು ಮೆತ್ತಗಾಗುತ್ತದೆ. ಉಕ್ಕಿಗೆ ಹೀಗೆ ಮಾಡಿದರೆ ಗಡಸಾಗುತ್ತದೆ, ಕಂಚಿನದು ತದ್ವಿರುದ್ಧ! ಈ ಕೆಲಸದಲ್ಲಿ ಹೆಸರು ಮಾಡಿದ ಝಿಲ್ಜಿಯನ್ ಮನೆತನ ಇಸ್ತಾಂಬುಲ್‌ನಲ್ಲಿ 1623ರಲ್ಲಿ ಅಂಗಡಿ ಇಟ್ಟಿತು. 1929ರಲ್ಲಿ ಅಮೆರಿಕದಲ್ಲಿ ಕಾರ್ಖಾನೆ ತೆರೆಯಿತು.

ನಮ್ಮ ಒಡೆದ ತಾಟಿಗೆ ಮರಳೋಣ. ಅದರ ತೂತನ್ನು ಮಸೂರದಲ್ಲಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ತೂತು ದುಂಡಗಿರಲಿಲ್ಲ. ಒಂದು ಕಡೆ ಸವೆದು ಬೀಗದ ಕೈ ತೂತಿನಂತೆ ಕಚ್ಚು ಬಿದ್ದಿತ್ತು. ಬಿರುಕು ಹೊರಟದ್ದು ಆ ಕಚ್ಚಿನಿಂದಲೇ. ಸ್ಟ್ಯಾಂಡಿನ ಕಂಬಿಗೆ ಮರೆಯಿರುತ್ತದೆ, ಅಂದರೆ ಸ್ಕ್ರೂ ತಿರುಪು. ಅದರ ಮೇಲೆ ಪ್ಲಾಸ್ಟಿಕ್ಕಿನ ನಳಿಕೆ ಹಾಕದಿದ್ದರೆ ಪ್ರತಿ ಪೆಟ್ಟಿಗೂ ಆ ಮರೆ ಗರಗಸದಂತೆ ಕಂಚನ್ನು ತಿನ್ನುತ್ತದೆ. ಇದು ಒಂದು ಸಂಜೆಯ ಕೆಲಸವಲ್ಲ, ವರ್ಷಗಳದ್ದು. ನಾನು ಬಿಗಿ ಮಾಡಿಸಿದ್ದು ಮುಂದಿನ ಅರ್ಧ. ಬಾಡಿಗೆಯವರಿಗೆ ಮಸೂರ ಕೊಟ್ಟು ತೋರಿಸಿದೆ. ಅವರು ಸ್ವಲ್ಪ ಗೊಣಗಿ ಅರ್ಧ ಬೆಲೆ ಬಿಟ್ಟರು, ಉಳಿದದ್ದನ್ನು ನಾನು ಕೊಟ್ಟೆ. ಹುಡುಗನ ಮನೆಯವರ ಕೈಯಿಂದ ಒಂದು ರೂಪಾಯಿಯೂ ಹೋಗಲಿಲ್ಲ.

ಹಾಗಾದರೆ ಕೂಡಿಸುವುದು ಹೇಗೆ? ಕೆಳಗಿನಿಂದ ಮೇಲಕ್ಕೆ ಹೇಳುತ್ತೇನೆ. ಮೊದಲು ಕಂಬಿಯ ಮೇಲೆ ಲೋಹದ ವಾಷರು, ಮರೆಯನ್ನು ಮುಚ್ಚುವಂತೆ ನಳಿಕೆ, ಅದರ ಸುತ್ತ ದಪ್ಪ ಫೆಲ್ಟಿನ ಬಿಲ್ಲೆ, ಬಿಲ್ಲೆಯ ಮೇಲೆ ತಾಟು, ತಾಟಿನ ಮೇಲೆ ಮತ್ತೊಂದು ಫೆಲ್ಟು, ಕಡೆಗೆ ಎರಡು ಕಿವಿಯ ವಿಂಗ್ ನಟ್ಟು. ಲೋಹಕ್ಕೆ ಲೋಹ ಎಲ್ಲಿಯೂ ತಾಗಬಾರದು. ಫೆಲ್ಟು ಅಂದರೆ ಉಣ್ಣೆಯನ್ನು ನೇಯದೆ ಒತ್ತಿ ಮಾಡಿದ ಬಟ್ಟೆ. ಸಿಗದಿದ್ದರೆ ಕರಿಹಲಗೆ ಒರೆಸುವ ಡಸ್ಟರಿನದನ್ನು ಕತ್ತರಿಸಿ ಹಾಕಬಹುದು, ಹಳೆಯ ಕಂಬಳಿಯ ತುಂಡೂ ನಡೆಯುತ್ತದೆ. ನಳಿಕೆಯ ಬದಲು ಗ್ಯಾರೇಜಿನಲ್ಲಿ ಸಿಗುವ ಪೆಟ್ರೋಲ್ ಪೈಪಿನ ತುಂಡು ಸಾಕು. ನಟ್ಟನ್ನು ಕೈಬೆರಳಿನಿಂದಲೇ ತಿರುವಬೇಕು, ಪಕ್ಕಡ ದೂರ ಇಡಿ. ಅಂಚನ್ನು ಒಂದು ಬೆರಳಿನಿಂದ ಒತ್ತಿ ಬಿಟ್ಟರೆ ತಾಟು ತೊಟ್ಟಿಲಿನಂತೆ ನಾಲ್ಕಾರು ಸಲ ತೂಗಬೇಕು.

ಸಡಿಲು ಬಿಟ್ಟರೆ ನಟ್ಟು ಮತ್ತೆ ಕಳಚುವುದಿಲ್ಲವೇ? ಕಳಚುತ್ತದೆ. ಅಡ್ಡಡ್ಡ ಅಲುಗಾಟದಿಂದ ಮರೆಗಳ ನಡುವಿನ ಘರ್ಷಣೆ ಕ್ಷಣಕ್ಷಣಕ್ಕೆ ಸೋತು ನಟ್ಟು ತಾನೇ ತಿರುಗುತ್ತದೆಂದು ಜರ್ಮನಿಯ ಯುಂಕರ್ ಎಂಬ ಎಂಜಿನಿಯರು 1969ರಲ್ಲಿ ಪ್ರಯೋಗದಿಂದ ತೋರಿಸಿದರು. ನಮ್ಮ ಮುಳವಾಡ ಸ್ಟೇಷನ್ನಿನ ಕಡೆ ಹೋದರೆ ಹಳಿಯ ಪಕ್ಕ ಉದ್ದ ಪಾನಾ ಹೊತ್ತು ನಡೆಯುವ ಗ್ಯಾಂಗ್‌ಮನ್‌ಗಳನ್ನು ಹಿರಿಯರು ನೆನೆಯುತ್ತಾರೆ. ಹಳಿಗಳ ಕೂಡಿನ ಬೋಲ್ಟುಗಳು ರೈಲಿನ ಅಲುಗಾಟಕ್ಕೆ ಸಡಿಲಾಗುತ್ತಿದ್ದುದೇ ಅದಕ್ಕೆ ಕಾರಣ. ಬೆಸುಗೆ ಹಾಕಿದ ಉದ್ದ ಹಳಿಗಳು ಬಂದ ಮೇಲೆ ಆ ಕೂಡುಗಳು ಕಡಿಮೆಯಾಗಿವೆ.

ಸಿಂಬಲ್ಲಿಗೆ ಉಪಾಯ ಸುಲಭ. ಒಂದರ ಮೇಲೊಂದು ಎರಡು ನಟ್ಟು ಹಾಕುವುದು. ಕೆಳಗಿನದನ್ನು ತಾಟು ತೂಗುವಷ್ಟು ಎತ್ತರಕ್ಕೆ ನಿಲ್ಲಿಸಿ, ಅದನ್ನು ಅಲುಗದಂತೆ ಹಿಡಿದು, ಮೇಲಿನದನ್ನು ಅದರ ಮೇಲೆ ಬಿಗಿಯುವುದು. ಬಿಗಿಯೆಲ್ಲ ನಟ್ಟು ನಟ್ಟಿನ ನಡುವೆ ಉಳಿಯುತ್ತದೆ, ತಾಟಿಗೆ ತಾಗುವುದಿಲ್ಲ. ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿದ ಹುಡುಗರಿಗೆ ಇದು ಗೊತ್ತು. ಕೋನನ್ನು ಗಾಲಿ ಸರಾಗ ತಿರುಗುವಷ್ಟಕ್ಕೆ ಕೂಡಿಸಿ, ಹಿಂದಿನಿಂದ ಲಾಕ್‌ನಟ್ಟು ಹಾಕುತ್ತಾರೆ. ಅದಕ್ಕೂ ಹಿಂದೆ ಹೋಗಬೇಕೆಂದರೆ ನಿಮ್ಮ ಅಜ್ಜನನ್ನು ಚಕ್ಕಡಿಯ ಕಡಾಣಿಯ ಬಗ್ಗೆ ಕೇಳಿ. ಕಡಾಣಿ ಗಾಲಿಯನ್ನು ಹಿಡಿಯುವುದಿಲ್ಲ. ಅಚ್ಚಿನಿಂದ ಹೊರಗೆ ಹೋಗಲು ಬಿಡುವುದಿಲ್ಲ, ಅಷ್ಟೇ.

ಸ್ಟ್ಯಾಂಡಿನ ಕಾಲುಗಳ ಬಗ್ಗೆಯೂ ಒಂದು ಮಾತು. ಮೂರು ಕಾಲು ಯಾವ ನೆಲದ ಮೇಲೂ ಕುಂಟುವುದಿಲ್ಲ, ಆದರೆ ಅಗಲಿಸಿ ಇಡದಿದ್ದರೆ ಮಗುಚುತ್ತದೆ. 16 ಇಂಚಿನ ತಾಟು ಸುಮಾರು ಒಂದು ಕೆ.ಜಿ. ತೂಗುತ್ತದೆ. ಅಡ್ಡ ತೋಳಿನ ಸ್ಟ್ಯಾಂಡಾದರೆ ತೋಳು ಚಾಚಿದ ಕಡೆಗೇ ಒಂದು ಕಾಲು ಬರಬೇಕು. ಗುರುತ್ವ ಕೇಂದ್ರದಿಂದ ಎಳೆದ ಲಂಬ ಪಾದದೊಳಗೆ ಬೀಳಬೇಕೆಂದು ಪುಸ್ತಕದಲ್ಲಿ ಓದಿದ್ದೀರಲ್ಲ, ಇದು ಅದೇ.

ಅರ್ಧ ಬೆಲೆ ಕೊಟ್ಟಿದ್ದರಿಂದ ಒಡೆದ ತಾಟು ನಮ್ಮಲ್ಲೇ ಉಳಿಯಿತು. ವೆಲ್ಡಿಂಗ್ ಅಂಗಡಿಯಲ್ಲಿ ಬಿರುಕಿನ ತುದಿಗೆ ಸರಿಯಾಗಿ ಒಂದು ಸಣ್ಣ ದುಂಡು ತೂತು ಕೊರೆಸಿದೆ. ಬಿರುಕಿನ ಚೂಪು ತುದಿಯಲ್ಲಿ ಒತ್ತಡವೆಲ್ಲ ಒಂದೇ ಕಡೆ ಸೇರಿ ಲೋಹವನ್ನು ಸೀಳುತ್ತಾ ಹೋಗುತ್ತದೆ. ತುದಿ ದುಂಡಗಾದರೆ ಒತ್ತಡ ಹಂಚಿಹೋಗುತ್ತದೆ. ಹುಡುಗನ ತಂದೆ ಭಜನೆಯ ತಾಳಕ್ಕೆ ಕಟ್ಟುವ ದಾರವನ್ನೇ ತಂದು ತಾಟಿಗೆ ಗಂಟು ಹಾಕಿಕೊಟ್ಟರು. ಅದೀಗ ಪ್ರಯೋಗಾಲಯದ ಕಿಟಕಿಯಲ್ಲಿ ತೂಗುತ್ತಿದೆ. ದನಿ ಸ್ವಲ್ಪ ಒಡಕು. ಬಿರುಕು ಮಾತ್ರ ಇವತ್ತಿನವರೆಗೂ ಆ ತೂತನ್ನು ದಾಟಿಲ್ಲ.