ಮೂತ್ರಪಿಂಡವು ಬರಿಯ ಜರಡಿಯೆ?

ವಿಸರಣದ ಪಾಠವನ್ನು ಹೇಳುವಾಗ ಕೃತಕ ಮೂತ್ರಪಿಂಡದ ಉದಾಹರಣೆಯನ್ನು ಕೊಡುವುದು ನಮ್ಮ ವಾಡಿಕೆ. ತೆಳುವಾದ ಪೊರೆಯೊಂದರ ಈಚೆಗೆ ರೋಗಿಯ ರಕ್ತ, ಆಚೆಗೆ ಲವಣಗಳ ದ್ರಾವಣ. ಯೂರಿಯದಂತಹ ಸಣ್ಣ ಅಣುಗಳು ಪೊರೆಯ ರಂಧ್ರಗಳನ್ನು ದಾಟಿ ಹೋಗುತ್ತವೆ, ರಕ್ತಕಣಗಳೂ ಪ್ರೋಟೀನುಗಳೂ ಈಚೆಗೇ ಉಳಿಯುತ್ತವೆ. 1861ರಲ್ಲಿ ಥಾಮಸ್ ಗ್ರಹಾಂ ಎಂಬ ರಸಾಯನಶಾಸ್ತ್ರಜ್ಞನು ಈ ಬೇರ್ಪಡಿಕೆಗೆ ಡಯಾಲಿಸಿಸ್ ಎಂದು ಹೆಸರಿಟ್ಟನು. 1943ರಲ್ಲಿ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವೈದ್ಯ ವಿಲೆಮ್ ಕೋಲ್ಫನು ಅದನ್ನು ರೋಗಿಗಳಿಗೆ ಅನ್ವಯಿಸಿದನು. “ಹೀಗೆ ಯಂತ್ರವು ಮೂತ್ರಪಿಂಡದ ಕೆಲಸವನ್ನು ಮಾಡುತ್ತದೆ” ಎಂದು ಹೇಳಿ ನಾವು ಸೀಮೆಸುಣ್ಣವನ್ನು ಕೆಳಗಿಡುತ್ತಿದ್ದೆವು.

ಕಳೆದ ವರ್ಷ ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿಯು ಮೇಜಿನ ಬಳಿ ಬಂದು ನಿಂತನು. “ನಮ್ಮ ತಂದೆಯವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತದೆ, ಸಾರ್. ರಕ್ತವೇನೋ ಶುದ್ಧವಾಗುತ್ತದೆ. ಆದರೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದರೂ ಅದು ಹತ್ತಲಿಲ್ಲವಂತೆ. ಏಕೆ?” ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ವೈದ್ಯ ಮಿತ್ರರನ್ನು ಕೇಳಿ, ಓದಿ ತಿಳಿದುಕೊಂಡ ಮೇಲೆ, ನಾವು ಇಷ್ಟು ವರ್ಷ ಬೋಧಿಸಿದ್ದು ಅರ್ಧಸತ್ಯವೆಂಬುದು ಮನಸ್ಸಿಗೆ ಬಂದಿತು.

ಮೊದಲು ಸರಳವಾದ ಲೆಕ್ಕವನ್ನೇ ನೋಡೋಣ. ಸಲಕ್ಕೆ ನಾಲ್ಕು ಗಂಟೆಯಂತೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆದರೆ ಒಟ್ಟು 12 ಗಂಟೆ. ವೆಚ್ಚಕ್ಕೆ ಹೆದರಿ ನಮ್ಮ ದೇಶದಲ್ಲಿ ಅನೇಕರು ಮಾಡಿಸಿಕೊಳ್ಳುವಂತೆ ಎರಡೇ ಸಲವಾದರೆ 8 ಗಂಟೆ. ವಾರದಲ್ಲಿರುವುದಾದರೋ 168 ಗಂಟೆ. ಆರೋಗ್ಯವಂತನ ಮೂತ್ರಪಿಂಡಗಳಿಗೆ ಅಷ್ಟರಲ್ಲಿ ಒಂದು ಗಂಟೆಯೂ ಬಿಡುವಿಲ್ಲ. ಅವು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಬಿಟ್ಟು, ಉಳಿದುದನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ.

ಆದರೆ ವೇಳೆಯ ಕೊರತೆಗಿಂತ ಇನ್ನೊಂದು ವಿಷಯವು ನಮಗೆ ಹೆಚ್ಚು ಕುತೂಹಲಕರವಾಗಿ ಕಂಡಿತು. ನಾವು ತಿಂದ ಪ್ರೋಟೀನಿನ ಒಂದಂಶವನ್ನು ಕರುಳಿನ ಬ್ಯಾಕ್ಟೀರಿಯಗಳು ಇಂಡೋಲ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತವೆ. ಯಕೃತ್ತಿನಲ್ಲಿ ಅದು ಇಂಡಾಕ್ಸಿಲ್ ಸಲ್ಫೇಟ್ ಆಗುತ್ತದೆ. ಅಣುವೇನೋ ಚಿಕ್ಕದೇ. ಆದರೆ ಅದರ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ರಕ್ತದ ಆಲ್ಬುಮಿನ್ನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ನಿನ ಅಣುತೂಕ ಸುಮಾರು 66,000. ಅದು ಯಂತ್ರದ ಪೊರೆಯನ್ನು ದಾಟಲಾರದು, ದಾಟಲೂ ಬಾರದು. ಹೀಗಾಗಿ ಅದನ್ನು ಹಿಡಿದುಕೊಂಡ ವಿಷವೂ ಬಹುಮಟ್ಟಿಗೆ ಒಳಗೇ ಉಳಿಯುತ್ತದೆ. ಜೀವಂತ ಮೂತ್ರಪಿಂಡವು ಇದನ್ನು ಸೋಸುವುದಿಲ್ಲ. ಅದರ ಸೂಕ್ಷ್ಮನಾಳಗಳ ಗೋಡೆಯ ಜೀವಕೋಶಗಳು ಶಕ್ತಿಯನ್ನು ವ್ಯಯಿಸಿ, ಈ ಅಣುವನ್ನು ಆರಿಸಿ ಹೊರಕ್ಕೆ ತಳ್ಳುತ್ತವೆ. ಇದು ಜರಡಿಯ ಕೆಲಸವೆಂದು ಯಾರು ತಾನೆ ಹೇಳಿಯಾರು?

ಹೀಗೆ ಉಳಿದ ವಿಷಗಳ ನಡುವೆ ಬಿಳಿಯ ರಕ್ತಕಣಗಳು ಬಾಳಬೇಕು. ಸೋಂಕು ತಗುಲಿದೆಡೆಗೆ ಧಾವಿಸಿ ರೋಗಾಣುಗಳನ್ನು ನುಂಗಬೇಕಾದ ಕಣಗಳ ಚುರುಕು ತಗ್ಗುತ್ತದೆ. ಲಸಿಕೆಯ ಗುರುತನ್ನು ಕಲಿತು ನೆನಪಿಟ್ಟುಕೊಳ್ಳಬೇಕಾದ ಲಿಂಫೋಸೈಟುಗಳಲ್ಲಿ, ಇನ್ನೂ ಏನನ್ನೂ ಕಲಿಯದ ಹೊಸ ಕಣಗಳ ಸಂಖ್ಯೆ ಕುಗ್ಗುತ್ತದೆ. ನಡುವಯಸ್ಸಿನ ರೋಗಿಯ ರೋಗನಿರೋಧ ವ್ಯವಸ್ಥೆಯು ವೃದ್ಧನದರಂತೆ ಕಾಣುತ್ತದೆ. ವಿಟಮಿನ್ ಡಿಯನ್ನು ಕ್ರಿಯಾಶೀಲ ರೂಪಕ್ಕೆ ತರುವ ಮುಖ್ಯ ಸ್ಥಾನವೂ ಮೂತ್ರಪಿಂಡವೇ ಆದುದರಿಂದ, ರಕ್ಷಣೆಯ ಕಾರ್ಯದಲ್ಲಿ ಅದರ ನೆರವೂ ಕಡಿಮೆಯಾಗುತ್ತದೆ. ವಿಚಿತ್ರವೆಂದರೆ, ಇಷ್ಟು ದುರ್ಬಲವಾದ ಈ ವ್ಯವಸ್ಥೆಯು ಶಾಂತವಾಗಿಯೂ ಇರುವುದಿಲ್ಲ. ಉರಿಯೂತವನ್ನು ಪ್ರಚೋದಿಸುವ ಪ್ರೋಟೀನುಗಳು ರಕ್ತದಲ್ಲಿ ಹೆಚ್ಚಾಗಿಯೇ ಇದ್ದು, ರಕ್ತನಾಳಗಳನ್ನು ಕೆಡಿಸುತ್ತಿರುತ್ತವೆ. ಇರುಳೆಲ್ಲ ನೆರಳುಗಳನ್ನು ಕಂಡು ಕೂಗಿ ಕೂಗಿ ದಣಿದ ಕಾವಲುಗಾರನು ಕಳ್ಳ ಬಂದಾಗ ಏಳದಂತಾಗುವ ಸ್ಥಿತಿ ಇದು.

ಈ ವಿಷಯವು ವೈದ್ಯರಿಗೆ ಹೊಸದಲ್ಲ. 1954ರಲ್ಲಿ ಅವಳಿ ಸೋದರರ ನಡುವೆ ಮೂತ್ರಪಿಂಡದ ಕಸಿಯನ್ನು ಮೊದಲು ಯಶಸ್ವಿಯಾಗಿ ನಡೆಸಿದ ಬಾಸ್ಟನ್ನಿನ ಜೋಸೆಫ್ ಮರ್ರೆ ಮತ್ತು ಅವನ ಸಂಗಡಿಗರು 1957ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಬೇರೊಬ್ಬರ ಚರ್ಮವನ್ನು ಕಸಿಮಾಡಿದರೆ ಆರೋಗ್ಯವಂತನ ದೇಹವು ಅದನ್ನು ಬೇಗನೆ ತಿರಸ್ಕರಿಸುತ್ತದಷ್ಟೆ. ಮೂತ್ರಪಿಂಡ ಕೆಟ್ಟ ರೋಗಿಗಳಲ್ಲಿಯಾದರೋ ಅಂತಹ ಚರ್ಮವು ಹೆಚ್ಚು ಕಾಲ ಉಳಿಯಿತು. ತನ್ನದಲ್ಲದುದನ್ನು ಗುರುತಿಸಿ ಹೊರಗಟ್ಟುವ ಶಕ್ತಿಯೇ ಆ ದೇಹಗಳಲ್ಲಿ ಕುಂದಿತ್ತು.

ಇಷ್ಟು ಕಾಲದಿಂದ ಗೊತ್ತಿರುವ ಸಂಗತಿಯು ಪಠ್ಯಪುಸ್ತಕಕ್ಕೂ ಮನೆಗಳಿಗೂ ತಲುಪದಿರುವುದೇ ನಮ್ಮ ಆಕ್ಷೇಪಣೆ. ವಿಸರ್ಜನೆಯದು ಒಂದು ಅಧ್ಯಾಯ, ರೋಗನಿರೋಧದ್ದು ಮತ್ತೊಂದು. ಎರಡಕ್ಕೂ ನಂಟಿದೆಯೆಂದು ವಿದ್ಯಾರ್ಥಿಗೆ ಯಾರೂ ಹೇಳುವುದಿಲ್ಲ. ಪರಿಣಾಮವೇನು? ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಮೂತ್ರಪಿಂಡವು ಕುಂದುತ್ತಿದೆಯೆಂದು ತಿಳಿದ ದಿನದಿಂದ ಮನೆಯವರು ಉಪ್ಪು, ನೀರು, ಬೇಳೆಗಳ ಲೆಕ್ಕವನ್ನು ಇಡುತ್ತಾರೆ. ಲಸಿಕೆಯ ಮಾತು ಬರುವುದು ಡಯಾಲಿಸಿಸ್ ಹತ್ತಿರವಾದ ಮೇಲೆ. ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ಬಿ ಲಸಿಕೆ ಫಲಿಸುತ್ತದೆ. ಡಯಾಲಿಸಿಸ್ಸಿನಲ್ಲಿರುವವರಿಗೆ ಸಾಮಾನ್ಯವಾದ 20 ಮೈಕ್ರೊಗ್ರಾಮಿನ ಬದಲು 40 ಮೈಕ್ರೊಗ್ರಾಮ್ ಕೊಟ್ಟರೂ ಸುಮಾರು ಅರ್ಧದಷ್ಟು ಮಂದಿಗೆ, ಅಥವಾ ಸ್ವಲ್ಪ ಹೆಚ್ಚು ಮಂದಿಗೆ ಮಾತ್ರ ಫಲಿಸುತ್ತದೆ. ರೋಗದ ಮೊದಲ ಹಂತಗಳಲ್ಲಿಯೇ ಹಾಕಿಸಿದರೆ ಫಲ ಹೆಚ್ಚು. ಹಾಗಿರುವಾಗ ತಡಮಾಡುವುದಕ್ಕೆ ಯಾವ ಸಮರ್ಥನೆಯಿದೆ?

ಮೊದಲೇ ನೊಂದಿರುವ ರೋಗಿಗೆ ಇದೊಂದು ಚುಚ್ಚುಮದ್ದು ಏಕೆಂದು ಕೆಲವರು ಹೇಳುವುದನ್ನು ಕೇಳಿದ್ದೇವೆ. ಡಯಾಲಿಸಿಸ್ ರೋಗಿಗಳ ಸಾವಿನ ಕಾರಣಗಳಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದ ಮರುಸ್ಥಾನವೇ ಸೋಂಕಿನದು. ಕ್ಷಯವು ಇನ್ನೂ ಹರಡಿರುವ ನಮ್ಮ ದೇಶದಲ್ಲಿ ಈ ರೋಗಿಗಳಿಗೆ ಅದರ ಭಯ ಇತರರಿಗಿಂತ ಹಲವು ಪಟ್ಟು ಹೆಚ್ಚು. ಅದನ್ನು ಪತ್ತೆಮಾಡುವ ಚರ್ಮದ ಪರೀಕ್ಷೆಯೂ ಅನೇಕ ವೇಳೆ ಇವರಲ್ಲಿ ಸುಳ್ಳು ಹೇಳುತ್ತದೆ, ಏಕೆಂದರೆ ಪರೀಕ್ಷೆಗೆ ಉತ್ತರ ಕೊಡಬೇಕಾದ ಕಣಗಳೇ ದಣಿದಿರುತ್ತವೆ. ಇನ್ನು ರೋಗನಿರೋಧ ಶಕ್ತಿಯನ್ನು ಹೆಚ್ಚಿಸುವುದೆಂದು ಮಾರುವ ಚೂರ್ಣ ಕಷಾಯಗಳ ಮಾತು ಬೇರೆ. ಮೂತ್ರಪಿಂಡಕ್ಕೇ ಹಾನಿಮಾಡುವ ಮೂಲಿಕೆಗಳೂ ಉಂಟು. ವೈದ್ಯರನ್ನು ಕೇಳದೆ ಅವನ್ನು ಮನೆಗೆ ತರಬಾರದು.

ಹೆಪಟೈಟಿಸ್ ಬಿ ಲಸಿಕೆಯು ದೇಶದಾದ್ಯಂತ ಶಿಶುಗಳ ಸರ್ಕಾರಿ ಲಸಿಕೆಗಳ ಪಟ್ಟಿಗೆ ಸೇರಿದ್ದು 2011ರಲ್ಲಿ. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರಿಗೆ ಅದು ದೊರೆತಿರಬಹುದು. ನಿಮ್ಮ ತಂದೆತಾಯಿಗಳ ಕಾಲಕ್ಕೆ ಆ ಏರ್ಪಾಡು ಇರಲಿಲ್ಲ. ಮನೆಯಲ್ಲಿ ಮೂತ್ರಪಿಂಡದ ರೋಗವುಳ್ಳ ಹಿರಿಯರಿದ್ದರೆ, ಮುಂದಿನ ಸಲ ವೈದ್ಯರ ಬಳಿಗೆ ಹೋದಾಗ ಈ ಲಸಿಕೆಯ ಜೊತೆಗೆ ಫ್ಲೂ ಮತ್ತು ನ್ಯೂಮೋನಿಯದ ಲಸಿಕೆಗಳ ವಿಷಯವನ್ನೂ ನೀವೇ ಕೇಳಿರಿ.

ಆ ವಿದ್ಯಾರ್ಥಿಯ ತಂದೆಯವರಿಗೆ ಇಮ್ಮಡಿ ಪ್ರಮಾಣದ ಎರಡನೆಯ ಸರಣಿಯನ್ನು ಆರಂಭಿಸಿದ್ದಾರೆ. ಅದು ಮುಗಿಯುವುದಕ್ಕೆ ಆರು ತಿಂಗಳು ಬೇಕು. ಹತ್ತಿತೋ ಇಲ್ಲವೋ ಎಂಬುದು ಆಮೇಲಿನ ರಕ್ತಪರೀಕ್ಷೆಯಿಂದ ತಿಳಿಯಬೇಕು.