ಕರಡಿನಲ್ಲಿ ಹತ್ತು, ಕಡೆಗೆ ಇಪ್ಪತ್ತು!



ಬಿನ್ ಒಮ್ರಾನ್‌ನ ನಮ್ಮ ಮನೆಗಳ ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದ ಸಮುದ್ರದ ನೀರು. ಹೊಳೆಯಿಲ್ಲದ ನಾಡಿನವರು ಕಡಲನ್ನೇ ಸೋಸಿ ಕುಡಿಯುತ್ತಾರೆ. ಕೆರೆಗಳ ನಾಡಿನವರಾದ ನಾವು ಮಾಡಿದ್ದೇನು? 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಬಿಲ್ಡರುಗಳನ್ನು ಬೈದೆವು, ಪಾಲಿಕೆಯನ್ನು ಬೈದೆವು. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ನಡೆದದ್ದನ್ನು ಎಷ್ಟು ಜನ ಗಮನಿಸಿದೆವು?

ಶುದ್ಧೀಕರಿಸಿದ ಚರಂಡಿ ನೀರು ಎಷ್ಟು ಶುದ್ಧವಾಗಿರಬೇಕೆಂದು ಕೇಂದ್ರ ಪರಿಸರ ಸಚಿವಾಲಯ ನಿಯಮ ಮಾಡುತ್ತದೆ. ಮೊದಲು ಕರಡು, ನಂತರ ಜನರ ಆಕ್ಷೇಪಣೆ, ಕೊನೆಗೆ ಅಂತಿಮ ಅಧಿಸೂಚನೆ. 2015ರ ನವೆಂಬರಿನ ಕರಡಿನಲ್ಲಿ ಬಿ.ಓ.ಡಿ. ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂದಿತ್ತು. ಬಿ.ಓ.ಡಿ. ಎಂದರೆ ನೀರಿನ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಅಂಕಿ ಏರಿದಷ್ಟೂ ನೀರು ಹೊಲಸು. 2017ರ ಅಕ್ಟೋಬರ್ 13ರ ಅಂತಿಮ ಅಧಿಸೂಚನೆಯಲ್ಲಿ ಮಹಾನಗರಗಳಿಗೆ 20, ಉಳಿದ ಊರುಗಳಿಗೆ 30!

ಊರುಗಳಿಗೆ ದುಡ್ಡೆಲ್ಲಿದೆ ಎನ್ನುವವರಿದ್ದಾರೆ. ದುಡ್ಡಿಲ್ಲದಿದ್ದರೆ ಅನುದಾನ ಕೊಡಲಿ, ಕಾಲಾವಕಾಶ ಕೊಡಲಿ. ಹುಡುಗ ಫೇಲಾದನೆಂದು ಪಾಸು ಮಾರ್ಕನ್ನೇ ಇಳಿಸುವುದು ಯಾವ ನ್ಯಾಯ? ಬಿಗಿಯಾದ ಮಿತಿಯೇ ಬೇಕೆಂದು 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಬೇಕಾಯಿತು.

ಕರಡು ಬಂದಾಗ ನಮ್ಮವರೇಕೆ ಸುಮ್ಮನಿದ್ದರು? ಆಕ್ಷೇಪಣೆಗೆ ಸಾಮಾನ್ಯವಾಗಿ ಸಿಗುವುದು 60 ದಿನ. ರಾಜ್ಯಪತ್ರದ ಭಾಷೆ ಹಿಂದಿ, ಇಂಗ್ಲಿಷ್. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಚರಂಡಿ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಆ ಕೆರೆಯ ಕೆಳಗಿನ ಬೋರ್‌ವೆಲ್ ನೀರು ಕುಡಿಯುವ ರೈತನಿಗೆ 10ಕ್ಕೂ 20ಕ್ಕೂ ಇರುವ ಅಂತರವನ್ನು ಕನ್ನಡದಲ್ಲಿ ಹೇಳಿದವರು ಯಾರು?

2020ರಲ್ಲಿ ಪರಿಸರ ಪರಿಣಾಮದ ಬೇರೊಂದು ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಲ್ಲಿ ಪ್ರಕಟಿಸಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಿತು. ಒಪ್ಪಿಕೊಳ್ಳುವ ಬದಲು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು! ಜನರ ನೀರಿಗೆ ನಿಯಮ ಬೇಕು, ಜನರ ಭಾಷೆ ಮಾತ್ರ ಬೇಡ.

ನೀರಿನ ಪ್ರತಿಯೊಂದು ಕರಡೂ ಕನ್ನಡದಲ್ಲಿ ಬರಲೇಬೇಕು. ಅಲ್ಲಿಯವರೆಗೆ ಇಂಗ್ಲಿಷ್ ಬಲ್ಲ ನಾವು ಸುಮ್ಮನಿರಬಾರದು. ದೋಹಾದಲ್ಲಿ ದುಡಿದ ದುಡ್ಡಿನಿಂದ ಬೆಂಗಳೂರಿನಲ್ಲಿ ಫ್ಲಾಟು ಕೊಂಡವರು ನಮ್ಮಲ್ಲಿ ಎಷ್ಟು ಜನವಿಲ್ಲ? ಆ ಫ್ಲಾಟಿನ ಕೊಳೆಯೂ ಹರಿಯುವುದು ಯಾರದೋ ಊರಿನ ಕೆರೆಗೇ. ಮುಂದಿನ ಕರಡು ಬಂದಾಗ ನಮ್ಮ ಸಂಘದಿಂದ ಒಂದಾದರೂ ಆಕ್ಷೇಪಣೆ ಹೋಗಲಿ. ಕೆರೆಗೆ ಬೆಂಕಿ ಬಿದ್ದ ಮೇಲೆ ಬೈಯುವುದು ಸುಲಭ. 60 ದಿನದೊಳಗೆ ಒಂದು ಕಾಗದ ಬರೆಯುವುದೇ ಕೆಲಸ.

– ಒಬ್ಬ ಸದಸ್ಯ, ಬಿನ್ ಒಮ್ರಾನ್