ಕೃತಿಯೊಡನೆ ಹಕ್ಕುಪತ್ರವೂ ಉಳಿಯಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಹೊಲವುಳ್ಳವರ ಮನೆಯಲ್ಲಿ ಒಂದು ಹಳೆಯ ಟ್ರಂಕು ಇದ್ದೇ ಇರುತ್ತದೆ. ಅದರೊಳಗೆ ಹೊಲದ ಉತಾರ, ಖರೀದಿ ಪತ್ರಗಳು ಬಟ್ಟೆಯಲ್ಲಿ ಸುತ್ತಿ ಭದ್ರವಾಗಿರುತ್ತವೆ. ಹೊಲವು ಎಲ್ಲಿಗೂ ಓಡಿಹೋಗುವುದಿಲ್ಲ; ಆದರೂ ಕಾಗದ ಕಳೆದರೆ ಮನೆಮಂದಿಗೆ ನಿದ್ರೆ ಬಾರದು. ಭೂಮಿಯ ವಿಷಯದಲ್ಲಿರುವ ಈ ಎಚ್ಚರವು ಗಣಕಯಂತ್ರದ ತಂತ್ರಾಂಶಗಳ ವಿಷಯದಲ್ಲಿ ನಮಗಿಲ್ಲವೆಂಬುದು ನನ್ನ ಕೊರಗು.

ನಾನು ಸೇವೆಯಲ್ಲಿದ್ದ ಒಂದು ಶಾಲೆಯ ಸ್ಮರಣ ಸಂಚಿಕೆಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಿದ್ದೆವು. ಊರ ಹಿರಿಯರು ಹೇಳಿದ ಬರಗಾಲದ ನೆನಪುಗಳು ಅದರಲ್ಲಿದ್ದವು. ಅಚ್ಚಾದ ಪ್ರತಿಗಳು ಗೆದ್ದಲಿನ ಪಾಲಾದವು. ಈಚೆಗೆ ಹಳೆಯ ಸಿ.ಡಿ.ಯನ್ನು ತೆರೆದಾಗ ಕನ್ನಡವಿರಬೇಕಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡವು. ಆ ಕಾಲದ ಅನೇಕ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸುತ್ತಿದ್ದವು. ಆ ಫಾಂಟೇ ಇಲ್ಲದಿದ್ದರೆ ಬರಹವು ಓದಲು ಬಾರದು. ಫಾಂಟಿನ ಸಿ.ಡಿ.ಯೇನೋ ಕಪಾಟಿನಲ್ಲಿ ದೊರೆಯಿತು. ಆದರೆ ಅದರ ಪರವಾನಗಿ ಪತ್ರವಿರಲಿಲ್ಲ. ಅದನ್ನು ರಚಿಸಿದವರಾರು? ಎಷ್ಟು ಯಂತ್ರಗಳಲ್ಲಿ ಬಳಸಬಹುದು? ಬೇರೆಯವರಿಗೆ ಕೊಡಬಹುದೇ? ಹೇಳುವವರಿಲ್ಲ. ಆ ಕಾಗದವನ್ನು ಕಸವೆಂದು ಎಸೆದವರಲ್ಲಿ ನಾನೂ ಒಬ್ಬ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿಯಿಂದ ತಂತ್ರಾಂಶವೂ ಸಾಹಿತ್ಯಕೃತಿಗಳ ಸಾಲಿಗೆ ಸೇರಿತು. ನ್ಯಾಯವಾಗಿ ಪಡೆದವನು, ಮೂಲವು ನಾಶವಾದೀತೆಂಬ ಕಾರಣಕ್ಕೆ ಅದರ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಬಹುದು. ಆದರೆ ನ್ಯಾಯವಾಗಿ ಪಡೆದುದಕ್ಕೆ ಸಾಕ್ಷಿ ಯಾವುದು? ಆ ಪತ್ರವೇ ಅಲ್ಲವೇ?

ನಮ್ಮ ಜಿಲ್ಲೆಯದೇ ಒಂದು ನಿದರ್ಶನವನ್ನು ನೋಡೋಣ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅವರು 1964ರಲ್ಲಿ ತೀರಿಕೊಂಡರು. ಕಾಯಿದೆಯಂತೆ, ಲೇಖಕನು ಬದುಕಿದ್ದಾಗ ಪ್ರಕಟವಾದ ಕೃತಿಗಳ ಸ್ವಾಮ್ಯವು ಅವನ ಮರಣದ ಮರುವರ್ಷದಿಂದ 60 ವರ್ಷ ಇರುತ್ತದೆ. ಆದುದರಿಂದ ಹಳಕಟ್ಟಿಯವರ ಅಂಥ ಕೃತಿಗಳು 2025ರ ಜನವರಿ 1ರಂದು ಸರ್ವರ ಸ್ವತ್ತಾದವು. ಬಸವನ ಬಾಗೇವಾಡಿಯ ವಿದ್ಯಾರ್ಥಿನಿಯೊಬ್ಬಳು ಇಂದು ಯಾರ ಅಪ್ಪಣೆಯನ್ನೂ ಕೇಳದೆ ಅವನ್ನು ಪ್ರತಿಮಾಡಿ ಹಂಚಬಹುದು. ಗ್ರಂಥದ ಮೇಲೆ ಹೆಸರೂ ವರ್ಷವೂ ಇದ್ದುದರಿಂದಲೇ ಈ ಲೆಕ್ಕ ಸಾಧ್ಯವಾಯಿತು. ಹೆಸರಿಲ್ಲದ ನಮ್ಮ ಸಿ.ಡಿ.ಗೆ ಯಾವ ಲೆಕ್ಕ ಹಾಕುವುದು?

“ಜ್ಞಾನವು ಎಲ್ಲರದು, ಪರವಾನಗಿಯ ಗೊಡವೆ ಏಕೆ?” ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಆದರೆ ಉದಾರವಾಗಿ ಕೊಡುವವನೂ ತಾನು ಕೊಟ್ಟೆನೆಂಬುದನ್ನು ಬರೆದಿಡಬೇಕಾಗುತ್ತದೆ. 1989ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು ಪ್ರಕಟಿಸಿದ ‘ಜಿ.ಪಿ.ಎಲ್.’ ಎಂಬ ಪರವಾನಗಿಯು ತಂತ್ರಾಂಶವನ್ನು ಬಳಸಲು, ತಿದ್ದಲು, ಹಂಚಲು ಎಲ್ಲರಿಗೂ ಅನುಮತಿ ನೀಡುತ್ತದೆ. ಹಂಚುವಾಗ ಪರವಾನಗಿಯ ಪ್ರತಿಯನ್ನೂ ಜೊತೆಗೆ ಕೊಡಬೇಕೆಂಬುದು ಅದರ ಒಂದು ನಿಬಂಧನೆ. ಪತ್ರವು ಕಳೆದುಹೋದರೆ ಕೊಟ್ಟವನ ಔದಾರ್ಯವೂ ಮರೆಯಾಗುತ್ತದೆ. ಮುಂದಿನವರು ಅಂಜಿಕೆಯಿಂದ ಅದನ್ನು ಮುಟ್ಟದೆ ಬಿಡುತ್ತಾರೆ.

ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಲಕೋಟೆ. ಅದರಲ್ಲಿ ಪರವಾನಗಿ ಪತ್ರ, ಖರೀದಿಯ ರಸೀದಿ. ಒಂದು ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆ, ಹೆಸರು, ಆವೃತ್ತಿ, ವರ್ಷ, ರಚಿಸಿದವರು, ಅನುಮತಿಯ ಸ್ವರೂಪ. ಪತ್ರದ ಪ್ರತಿಯೊಂದು ತಂತ್ರಾಂಶದ ಜೊತೆಯಲ್ಲಿಯೂ ಇರಲಿ. ಪತ್ರ ಸಿಗದಿದ್ದರೆ “ತಿಳಿದಿಲ್ಲ” ಎಂದೇ ಬರೆಯಬೇಕು. ಊಹಿಸಿ ಬರೆದುದು ಮುಂದಿನವರನ್ನು ದಾರಿತಪ್ಪಿಸುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಶಾಲೆಯ ಕಪಾಟಿನಲ್ಲಿಯೂ ಹಳೆಯ ಸಿ.ಡಿ.ಗಳು ಇರಬಹುದು. ಗುರುಗಳ ಅಪ್ಪಣೆ ಪಡೆದು ಒಂದು ದಿನ ಆ ಕಪಾಟನ್ನು ತೆರೆಯಿರಿ. ಉತಾರವನ್ನು ಕಾಪಾಡಿದ ಹಿರಿಯರ ಎಚ್ಚರವನ್ನು ಅಕ್ಷರದ ಆಸ್ತಿಗೂ ತೋರಿರಿ.